ಕುಂಕುಮ ಕೊಡದ ಗಿರಿಜಮ್ಮ

ಗಿರಿಜಮ್ಮ ನಮ್ಮ ಬಾಗಿಲು ತಟ್ಟಿದ್ದನ್ನು ಏಳು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಸೀದಾ ಅಡುಗೆಮನೆಗೇ ನುಗ್ಗುತ್ತಿದ್ದರು. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ಇಣುಕಿ, "ಹುಳಿ ಜಾಸ್ತಿ ಆಗಿದೆ, ಬಣ್ಣದಲ್ಲೇ ಗೊತ್ತಾಗ್ತದೆ" ಎಂದು ತೀರ್ಪು ಕೊಟ್ಟು, ಮುಚ್ಚಳ ಮುಚ್ಚದೆ ಹೊರಡುತ್ತಿದ್ದರು. ಮನೆ ಅವರದು, ಬಾಗಿಲು ಅವರದು, ಒಪ್ಪಿದೆ. ಸಾರು ನನ್ನದಲ್ಲವೇ?

ಹೊಸನಗರದಲ್ಲಿ ಅವರ ಮನೆಯ ಹಿಂದಕ್ಕೆ ಅಂಟಿಕೊಂಡಿದ್ದ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ನನ್ನ ಗಂಡನಿಗೆ ಅಲ್ಲಿಯ ಕಚೇರಿಯೊಂದರಲ್ಲಿ ಕೆಲಸ. ಮದುವೆಯಾದ ಹತ್ತನೇ ದಿನ ಆ ಮನೆಯಲ್ಲಿ ಹಾಲುಕ್ಕಿಸಿದೆ. ತವರೂ ಅಲ್ಲದ, ಅತ್ತೆಮನೆಯೂ ಅಲ್ಲದ, ಉಪ್ಪಿನ ಡಬ್ಬಿಯನ್ನು ನನಗೆ ಬೇಕಾದಲ್ಲಿ ಇಟ್ಟುಕೊಂಡ ಮೊದಲ ಮನೆ ಅದು. ಅದರ ಕೆಂಪು ನೆಲವನ್ನು ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದ್ದೆ. ಗಿರಿಜಮ್ಮ ನೋಡಿ, "ಜಾರಿ ಬಿದ್ದು ಸೊಂಟ ಮುರ್ಕಂಡ್ರೆ ನಂಗೆ ಹೇಳ್ಬೇಡ ಮಾರಾಯ್ತಿ" ಎಂದರು.

ಕ್ಯಾಲೆಂಡರಿಗೆಂದು ನಾನು ಮೊಳೆ ಹೊಡೆದ ದಿನ ಕೇರಿಗೆಲ್ಲ ಕೇಳುವಂತೆ ಕೂಗಾಡಿದರು. "ಬಾಡಿಗೆ ಮನೆಗೆ ಬಂದೋರು ಬಸ್ ಸ್ಟ್ಯಾಂಡಲ್ಲಿ ಕೂತಂಗೆ ಇರ್ಬೇಕು. ಅಲ್ಲಿ ಯಾರಾದ್ರೂ ಮೊಳೆ ಹೊಡೀತಾರೇನೇ?"

ನಾನೂ ಬಾಯಿಗೆ ಬೀಗ ಹಾಕಿಕೊಂಡವಳಲ್ಲ. "ಅಲ್ಲಿ ಯಾರೂ ಬಾಡಿಗೆ ಕೇಳಲ್ಲ ಅಮ್ಮಾ" ಎಂದೆ. ಹದಿನೈದು ದಿನ ಮಾತಿಲ್ಲ. ಅವರ ಯಜಮಾನರು ಮಾತ್ರ ಜಗಲಿಯಲ್ಲಿ ಪೇಪರ್ ಹಿಡಿದು, ಕಿವಿಯೇ ಇಲ್ಲದವರ ಹಾಗೆ ಕೂತಿರುತ್ತಿದ್ದರು.

ಮಗಳು ಹುಟ್ಟಿದಾಗ, ತೊಲೆಗೆ ತೊಟ್ಟಿಲು ಕಟ್ಟಕೂಡದೆಂದು ಇನ್ನೊಂದು ಯುದ್ಧ. ಕಟ್ಟಿಯೇ ಕಟ್ಟಿದೆ. ಒಂದು ಮಧ್ಯಾಹ್ನ ಬಟ್ಟೆ ಒಗೆದು ಬಂದು ನೋಡಿದರೆ ಗಿರಿಜಮ್ಮ ತೊಟ್ಟಿಲು ತೂಗುತ್ತಿದ್ದಾರೆ. ನನ್ನನ್ನು ಕಂಡದ್ದೇ ಕೈ ತೆಗೆದು, "ತೊಲೆ ಕಿರ್ ಅಂತದಾ ಅಂತ ನೋಡಕ್ಕೆ ಬಂದೆ" ಎಂದರು. ಆಮೇಲೆ ವಾರಕ್ಕೆ ನಾಲ್ಕು ದಿನ ತೊಲೆ ಪರೀಕ್ಷೆ ನಡೆಯಿತು. ನನ್ನ ಮನಸ್ಸೇನೂ ಕರಗಲಿಲ್ಲ. ಮಲಗಿದ್ದ ಮಗುವನ್ನು ಎಬ್ಬಿಸಿ ಹೋಗುತ್ತಿದ್ದರು.

ಗಂಡನಿಗೆ ಸಾಗರಕ್ಕೆ ವರ್ಗವಾಯಿತು. ಗಿರಿಜಮ್ಮನಿಗೆ ಹೇಳಿದರೆ, "ಹೂಂ. ಬಚ್ಚಲ ನಲ್ಲಿ ಸೋರ್ತದೆ, ಸರಿ ಮಾಡ್ಸಿ ಹೋಗಿ" ಅಂದರು. ಅಷ್ಟೇ.

ಅಮ್ಮ ಫೋನಿನಲ್ಲಿ ಒಂದು ಮಾತು ಹೇಳಿದ್ದಳು: "ಮದುಮಗಳಾಗಿ ಹೊಕ್ಕ ಮನೆ. ಆಯಮ್ಮನ ಕೈಯಲ್ಲಿ ಕುಂಕುಮ ಇಸ್ಕೊಳ್ಳದೆ ಹೊರಡಬೇಡ." ನನಗೂ ಅದೊಂದು ಬೇಕಿತ್ತು. ಜಗಳವಾಡಿಕೊಂಡೇ ಬಾಳಿದ್ದರೂ ಆ ಮನೆಯಿಂದ ಮರ್ಯಾದೆಯಾಗಿ ಹೊರಡಬೇಕಿತ್ತು. ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೂ ಮಗಳ ಕೈ ಹಿಡಿದು ಹೊಸ್ತಿಲಾಚೆ ಕಾದು ನಿಂತೆ.

ಗಿರಿಜಮ್ಮ ಬಂದರು. ಕೈಯಲ್ಲಿದ್ದದ್ದು ಕುಂಕುಮದ ಬಟ್ಟಲಲ್ಲ, ಪೊರಕೆ. ನನ್ನನ್ನು ದಾಟಿ ಒಳಗೆ ಹೋಗಿ ಹಾಲ್ ಗುಡಿಸತೊಡಗಿದರು. ನಮ್ಮ ಕಡೆ ಯಾರಾದರೂ ಹೊರಟ ಬೆನ್ನಿಗೇ ಕಸ ಗುಡಿಸುವುದಿಲ್ಲ. ಹೆಣ ಎತ್ತಿದ ಮೇಲಷ್ಟೇ ಹಾಗೆ ಗುಡಿಸುವುದು.

"ಅಮ್ಮಾ, ನಾವಿನ್ನೂ ಇಲ್ಲೇ ನಿಂತಿದೀವಿ. ಹೆಣ ಎತ್ತಿದ ಮನೇನಾ ಇದು?" ಎಂದು ಕಿರುಚಿದೆ.

"ಹಂಗೇ ತಿಳ್ಕ" ಎಂದರು, ತಲೆ ಎತ್ತಲಿಲ್ಲ. "ನಿಂಗಿಂತ ಮುಂಚೆ ಐದು ಸಂಸಾರ ಇತ್ತು ಇಲ್ಲಿ. ಐದು ಜನಕ್ಕೂ ಕುಂಕುಮ ಕೊಟ್ಟೆ. ಐದು ಜನವೂ 'ಬರ್ತೀನಿ ಅಮ್ಮಾ' ಅಂದ್ಕಂಡು ಹೋದ್ರು. ಒಬ್ಳಾದ್ರೂ ಈ ಕಡೆ ತಲೆ ಹಾಕಿದ್ಲಾ? ದಾರಿ ನೋಡಿದ್ದು ನಾನು. ಇನ್ನು ನನ್ ಕೈಲಾಗಲ್ಲ. ಗುಡ್ಸಿಬಿಟ್ರೆ ಮುಗೀತು. ಸತ್ತೋರ ದಾರಿ ಯಾರೂ ಕಾಯಲ್ಲ."

ಐದು ವರ್ಷದ ಮಗುವಿನ ಎದುರು ಆಡುವ ಮಾತೇ ಅದು? ಮೈಯೆಲ್ಲ ಉರಿದುಹೋಯಿತು. ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ನಾನು ಬೇಕೆಂದೇ, "ಹೋಗ್ತೀನಿ" ಅಂದೆ. ಪೊರಕೆ ಒಂದು ಗಳಿಗೆ ನಿಂತಿತು, ಮತ್ತೆ ಆಡಿತು.

ಮೂರು ವರ್ಷವಾಯಿತು. ಸಾಗರದಿಂದ ಹೊಸನಗರಕ್ಕೆ ಬಸ್ಸಿಗೇನೂ ಬರವಿಲ್ಲ. ಒಮ್ಮೆ ಮದುವೆಗೆಂದು ಹೊಸನಗರದ ಹತ್ತಿರದ ರಿಪ್ಪನ್‌ಪೇಟೆಯವರೆಗೆ ಹೋಗಿ ಅಲ್ಲಿಂದಲೇ ತಿರುಗಿ ಬಂದೆ. ಗಿರಿಜಜ್ಜಿ ಮನೆಗೆ ಯಾವಾಗ ಹೋಗೋದು ಎಂದು ಮಗಳು ಕೇಳಿದರೆ ಗದರಿಸುತ್ತೇನೆ. ಆ ಐದು ಜನರ ಸಾಲಿಗೆ ನನ್ನನ್ನೂ ಸೇರಿಸಿದರಲ್ಲ ಎಂದು ಆ ಹೆಂಗಸಿನ ಮೇಲೆ ಇವತ್ತಿಗೂ ಸಿಟ್ಟಿದೆ. ಹೋಗದೆ ಕೂತು ಅವರ ಮಾತನ್ನು ನಿಜ ಮಾಡಿದವಳು ನಾನೇ ಎಂಬುದಕ್ಕೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.