ಮುಂಗೈ ಮೇಲಿನ ಕುರಿ

ಮಗಳಿಗೆ ಮಾತು ತಡವಾಗಬಹುದು. ತೊದಲಬಹುದು. ನಮ್ಮೂರು ಹರಿಯಬ್ಬೆಯಲ್ಲಿ ಅವ್ವನ ಜೊತೆ ತೆಲುಗು, ಹೊಸದುರ್ಗದ ನಮ್ಮ ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಅಂತ ಮೂರೂ ಕಲಸಿಹೋಗಿ, ಕೊನೆಗೆ ನನ್ನ ಹಾಗೆ ಮೂರರಲ್ಲೂ ‘ಅದೇ... ಅದು... ಏನಂತಾರೆ’ ಅನ್ನುವವಳಾಗಬಹುದು. ಮಿಸ್ಸಿಗೆ ತೆಲುಗಿನಲ್ಲಿ ಒಂದಕ್ಕೆ ಹೋಗಬೇಕು ಅಂತ ಹೇಳಿ, ಅವರಿಗೆ ಅರ್ಥವಾಗುವಷ್ಟರಲ್ಲಿ ಅನಾಹುತವಾಗಬಹುದು. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದರೆ ಅಪ್ಪನ ಹೆಸರನ್ನು ಯಾವ ಭಾಷೆಯಲ್ಲಿ ಹೇಳುತ್ತಾಳೋ! ಹೆಸರಿಗೆ ಭಾಷೆ ಇಲ್ಲ ಅಂತ ಹೆಂಡತಿ ನೆನಪಿಸಿದ ಮೇಲೆ ಆ ಒಂದು ಭಯವನ್ನು ಕೈಬಿಟ್ಟೆ. ಉಳಿದವನ್ನು ಜೋಪಾನವಾಗಿ ಇಟ್ಟುಕೊಂಡೆ.

ಅವುಗಳಲ್ಲಿ ಒಂದೂ ನಿಜವಾಗಲಿಲ್ಲ. ಮಗಳು ಮೂರರಲ್ಲೂ ಅರಳು ಹುರಿದ ಹಾಗೆ ಮಾತಾಡಿದಳು.

ಅವಳ ಅವ್ವ ಅಂದರೆ ನನ್ನ ತಾಯಿ. ನಮ್ಮ ಮನೆಮಾತು ತೆಲುಗು. ಊರಲ್ಲಿ ನನ್ನ ತಮ್ಮ ಕುರಿಗಳನ್ನು ನೋಡಿಕೊಳ್ಳುತ್ತಾನೆ. ಸಂಜೆ ಕುರಿಗಳು ಮುಳ್ಳುಬೇಲಿಯ ರೊಪ್ಪಕ್ಕೆ ಬರುವ ಹೊತ್ತಿಗೆ ಅಮ್ಮ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂರುತ್ತಾಳೆ. ಒಂದೊಂದೇ ಕುರಿ ಒಳಗೆ ಹೋಗುವಾಗ ಅದರ ನಡಿಗೆ ನೋಡುವುದು ನಮ್ಮ ಮನೆಯ ಹಳೇ ಪದ್ಧತಿ. ಮುಳ್ಳು ಹೊಕ್ಕಿದ್ದು, ಹೊಟ್ಟೆ ಉಬ್ಬಿದ್ದು ಅಲ್ಲೇ ಗೊತ್ತಾಗಿಬಿಡುತ್ತದೆ. ಆದರೆ ಅಮ್ಮನ ಕಣ್ಣು ಮಂಜಾಗಿ ಕೆಲವು ವರ್ಷವಾಯಿತು. ಇನ್ನು ಸರಿಹೋಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ರಜೆಗೆ ಹೋದಾಗೆಲ್ಲ ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಮುಂಗೈ ಚಾಚುತ್ತಿದ್ದಳು. ಮಗಳು ಅದರ ಮೇಲೆ, ಕುರಿ ನಡೆದ ಹಾಗೆಯೇ, ಎರಡು ಬೆರಳು ನಡೆಸುತ್ತಿದ್ದಳು.

“ಎಟ್ಲ ವಚ್ಚಿಂದೇ?” ಹೇಗೆ ಬಂತೇ ಅಂತ.

“ಕುಂಟುಕುಂಟೂ ವಚ್ಚಿಂದಿ.” ಒಂದು ಬೆರಳು ಗಟ್ಟಿಯಾಗಿ ಊರುತ್ತಿತ್ತು, ಇನ್ನೊಂದು ಚರ್ಮಕ್ಕೆ ಸೋಕಿಯೂ ಸೋಕದ ಹಾಗೆ.

ಅಮ್ಮ ತಮ್ಮನಿಗೆ ಕೂಗುತ್ತಿದ್ದಳು, “ಲೇ, ಮುಂದ್ಗಾಲು ನೋಡೋ!”

“ನಾಳೆಯಿಂದ ನಿನ್ ಮೊಮ್ಮಗಳ ಕೈಗೇ ಕೋಲು ಕೊಡ್ತೀನಿ, ತಗಾ,” ಅಂತ ಅವನು ಗೊಣಗಿಕೊಂಡೇ ಕುರಿಯ ಕಾಲು ಹಿಡಿಯುತ್ತಿದ್ದ.

ನನಗೆ ಆಗಲೇ ಒಂದು ವಿಚಿತ್ರ ಕಂಡಿತ್ತು. ಒಂದು ಮರಿ ಬೇಲಿ ಹಾರಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದರೆ, “ಜಂಪ್ಡ್ ಓವರ್ ದ ಫೆನ್ಸ್” ಅಂತ ಕೂತಲ್ಲೇ ಮುಗಿಸುತ್ತಿದ್ದಳು. ಹಾರಿದ್ದು, ದಾಟಿದ್ದು ಎಲ್ಲ ಅದರಲ್ಲೇ ಬಂತು. ಕನ್ನಡದಲ್ಲಾದರೆ “ಮರಿ ಬೇಲಿ ದಾಟ್ತು” ಅಂತ ಮೊದಲು ಸುದ್ದಿ. ಹೇಗೆ ದಾಟಿತು ಅನ್ನುವುದಕ್ಕೆ “ಛಂಗ್!” ಅಂತ ಅಡುಗೆಮನೆಯಿಂದ ಹಾಲಿಗೆ ತಾನೇ ಹಾರಬೇಕು. ತೆಲುಗಿನಲ್ಲಿ “ಎಗಿರೆಗಿರಿ”, ಹಾರಿ ಹಾರಿ, ಅಂತ ಮಾತೇ ಎರಡು ಸಲ ಕುಣಿಯುತ್ತಿತ್ತು, ಜೊತೆಗೆ ಯಾರದಾದರೂ ಮೈಮೇಲೆ ಬೆರಳು. ಒಂದೇ ಮರಿ, ಒಂದೇ ಬೇಲಿ. ಬೇರೆ ಅಪ್ಪನಾಗಿದ್ದರೆ ನೋಡಿ ಖುಷಿಪಡುತ್ತಿದ್ದ. ನಾನು, ಇಂಗ್ಲಿಷು ಹೇಳುವಾಗ ಎಷ್ಟು ಶಿಸ್ತಾಗಿರುತ್ತಾಳೆ, ಉಳಿದೆರಡರ ಕುಣಿತ ಅದಕ್ಕೂ ಅಂಟಿಬಿಟ್ಟರೆ ಏನು ಗತಿ ಅಂತ ಯೋಚಿಸಿದೆ.

ಅಂಟಿತು. “ಚೆನ್ನಾಗಿ ಹೇಳ್ತಾಳೆ ಸರ್, ಆದ್ರೆ ನಿಂತ ಕಡೆ ನಿಲ್ಲಲ್ಲ,” ಅಂದರು ಮಿಸ್ಸು. ಶಾಲೆಯ ವಾರ್ಷಿಕೋತ್ಸವಕ್ಕೆ ಅವಳು ಇಂಗ್ಲಿಷಿನಲ್ಲಿ ಕಥೆ ಹೇಳುವುದಿತ್ತು. ಮೈಕಿಗೆ ಕೈ ಬಡಿಯುವುದು, ಮೈಕು ಮುಂದಿನ ಸಾಲಿನ ಅತಿಥಿಗಳ ತಲೆಗೆ ಬಡಿಯುವುದು, ವೈರು ಕಿತ್ತು ಕರೆಂಟು ಹೊಡೆಯುವುದು, ಎಲ್ಲವನ್ನೂ ನಾನು ಕಣ್ಣಾರೆ ಕಂಡೆ. ದಿನಾ ಸಂಜೆ ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ.

“ಕೈ ಕಟ್ಕೊಂಡು ಹೇಳು.”

ಅಭ್ಯಾಸ ತಪ್ಪದಿರಲಿ ಅಂತ ಊಟದಲ್ಲಿ, ಬೀದಿಯಲ್ಲಿ, ಕನ್ನಡಕ್ಕೂ ತೆಲುಗಿಗೂ ಅದೇ ಕಾನೂನು ಮಾಡಿದೆ.

“ಬಿಡ್ರಿ, ಅವಳೇನು ಪೊಲೀಸ್ ಕೆಲಸಕ್ಕೆ ಸೇರ್ತಾಳಾ?” ಅಂದಳು ಹೆಂಡತಿ. ಮೈಕು ಬೀಳುವುದು ಅವಳಿಗೆ ಕಾಣುತ್ತಿರಲಿಲ್ಲ.

ಮೈಕು ಬೀಳಲಿಲ್ಲ. ಮಗಳು ಕೈಕಟ್ಟಿ, ಕಂಬದ ಹಾಗೆ ನಿಂತು, ಒಂದಕ್ಷರ ತಪ್ಪದೆ ಹೇಳಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು.

ಆ ರಜೆಗೆ ಬಸ್ಸಿನಲ್ಲಿ ಹರಿಯಬ್ಬೆಗೆ ಹೊರಟೆವು. ದಾರಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡಾಗ ಹಿಂದೆಲ್ಲ ಅವಳ ಎರಡೂ ತೋಳು ಗಿರಗಿರ ತಿರುಗಿ ಪಕ್ಕದವರ ಕನ್ನಡಕ ಬೀಳಿಸುತ್ತಿದ್ದವು. ಈ ಸಲ ಕೈ ಕಟ್ಟಿಕೊಂಡೇ, “ಫ್ಯಾನು ತಿರುಗ್ತಾ ಐತೆ,” ಅಂದಳು. ಪಕ್ಕದಲ್ಲಿದ್ದ ಹೆಂಗಸು, “ಎಷ್ಟ್ ಶಾಣ್ಯಾ ಕೂಸು!” ಅಂದರು. ನಾನು ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡು ಕೂತಿದ್ದೆ. ಆ ಹೆಮ್ಮೆ ನೆನಪಾದರೆ ಈಗಲೂ ಮುಖ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ.

ಸಂಜೆ ಕುರಿ ಬಂದವು. ಅಮ್ಮ ಬಳೆ ಸರಿಸಿ ಮುಂಗೈ ಚಾಚಿದಳು.

“ವಚ್ಚಿಂದಿ,” ಅಂದಳು ಮಗಳು. ಬಂತು.

“ಎಟ್ಲ?”

“ಮೆಲ್ಲಗಾ ವಚ್ಚಿಂದಿ, ಅವ್ವಾ.” ಕೈ ಎದೆಯ ಮೇಲೆ ಕಟ್ಟಿಯೇ ಇತ್ತು.

ಇನ್ನೊಂದು ಬಂತು. ಅದೂ ಮೆಲ್ಲಗೆ. ಮತ್ತೊಂದು ಬೇಗ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮನ ಮುಂಗೈ ಮಾತ್ರ ಚಾಚಿದ ಹಾಗೇ ಇತ್ತು. ಆ ಖಾಲಿ ಕೈ ನೋಡಲಾಗದೆ ನಾನೇ ಪಕ್ಕದಲ್ಲಿ ಕೂತು, ಅದರ ಮೇಲೆ ಎರಡು ಬೆರಳು ನಡೆಸಿದೆ.

“ಇದೇನೋ ಇದು, ಎಮ್ಮೆ ನುಗ್ಗಿದಂಗೈತೆ!” ಅಮ್ಮ ನಕ್ಕಳು. ಆಮೇಲೆ ಮಗಳಿದ್ದ ದಿಕ್ಕಿಗೆ ಮುಖ ತಿರುಗಿಸಿ, “ನೀನೇ ಬಾರಮ್ಮಾ,” ಅಂದಳು.

ಮಗಳು ಅವ್ವನ ಕೈ ನೋಡಿದಳು, ನನ್ನ ಬೆರಳು ನೋಡಿದಳು.

“ಅಪ್ಪಾ,” ಅಂದಳು, ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ, “ಕೈ ಕಟ್ಕೊಂಡು ಹೇಳ್ಬೇಕು.”

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೈ ಹಿಂದಕ್ಕೆ ತಗೊಂಡು, ಬಳೆಗಳನ್ನು ಕೆಳಗಿಳಿಸಿಕೊಂಡಳು.