ಕತ್ತಿ ಮೊಂಡು ಮಾಡುವ ಸೊಣ್ಣಮ್ಮ

ಮೊದಲೇ ಹೇಳಿಬಿಡಬೇಕು: ಯಾರಿಗೂ ಏಟಾಗಿಲ್ಲ.

ಬೆಳಗಿನ ಜಾವ ನಾಲ್ಕೂವರೆ. ಸಾರಕ್ಕಿ ಮಾರುಕಟ್ಟೆಗೆ ಸೊಪ್ಪಿನ ಆಟೋಗಳು ಬಂದು ನಿಲ್ಲುವ ಹೊತ್ತು. ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ, ನಾಲ್ಕಂತಸ್ತಿನ ಪಿ.ಜಿ. ಕಟ್ಟಡಕ್ಕೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಬಲ್ಬು ಉರಿಯುತ್ತಿದೆ. ಒಳಗೆ ಅರವತ್ತೆಂಟು ವರ್ಷದ ಸೊಣ್ಣಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ತೊಡೆಯ ಮೇಲೆ ಗೋಣಿಚೀಲ, ಅದರ ಮೇಲೆ ಮೂರಡಿ ಉದ್ದದ ಕತ್ತಿ, ಬಲಗೈಯಲ್ಲಿ ಲೋಹ ಉಜ್ಜುವ ಅರ. ಕರ್, ಕರ್, ಕರ್. ಪಕ್ಕದ ಮನೆ ನಾಯಿಗೂ ಈ ಸದ್ದು ರೂಢಿಯಾಗಿದೆ. ಬೊಗಳಲ್ಲ.

ಊರಲ್ಲಿ ಸಾಣೆ ಹಿಡಿಯುವವರು ಬೇಕಾದಷ್ಟು ಜನ. ಸೊಣ್ಣಮ್ಮನ ಕೆಲಸ ಉಲ್ಟಾ. ಅವರು ಕತ್ತಿಯನ್ನು ಮೊಂಡು ಮಾಡುತ್ತಾರೆ. ಸಿನಿಮಾದಲ್ಲಿ ಕಿರೀಟದ ಹೀರೋ ಕೋಟೆ ಗೋಡೆಯಿಂದ ಧುಮುಕಿ, ಮೆಟ್ಟಿಲ ಮೇಲೆ ಹತ್ತು ಜನರನ್ನು ಒಬ್ಬನೇ ಅಟ್ಟಾಡಿಸುತ್ತಾನಲ್ಲ, ನಾವು ಸೀಟಿ ಹೊಡೆದು ಗಂಟಲು ಹರಿದುಕೊಳ್ಳುತ್ತೀವಲ್ಲ, ಆ ಹತ್ತು ಜನರ ಕಣ್ಣು, ಕಿವಿ, ಬೆರಳು ಮಾರನೇ ದಿನವೂ ಜಾಗದಲ್ಲೇ ಇರುವುದು ಈ ಅರದ ದೆಸೆಯಿಂದ.

ಶೂಟಿಂಗ್ ಕತ್ತಿ ಅಲ್ಯುಮಿನಿಯಂದು. ಹಗುರ, ದೂರದಿಂದ ಥೇಟ್ ಉಕ್ಕು. ಆದರೆ ಮೆತ್ತಗಿನ ಜಾತಿ. ಕತ್ತಿಗೆ ಕತ್ತಿ ಬಡಿದ ಕಡೆಯೆಲ್ಲ ಕಚ್ಚು ಬೀಳುತ್ತದೆ, ಕಚ್ಚಿನ ತುದಿಯಲ್ಲಿ ಸಣ್ಣ ಮುಳ್ಳು ಏಳುತ್ತದೆ. ಕಣ್ಣಿಗೆ ಕಾಣಲ್ಲ. ಕೆನ್ನೆಗೆ ತಾಗಿದರೆ ಬ್ಲೇಡು.

ಕನಕಪುರ ರಸ್ತೆಯ ಆಚೆ ಈಗ ಒಂದು ರಾಜರ ಕಾಲದ ಕಥೆಯ ಶೂಟಿಂಗ್ ನಡೆಯುತ್ತಿದೆ. ಸಾಯಂಕಾಲ ಏಳಕ್ಕೆ ವ್ಯಾನಿನಲ್ಲಿ ಇಪ್ಪತ್ನಾಲ್ಕು ಕತ್ತಿ ಬರುತ್ತವೆ, ಬೆಳಿಗ್ಗೆ ಏಳಕ್ಕೆ ವಾಪಸ್ ಹೋಗುತ್ತವೆ. ಒಂದೊಂದಕ್ಕೂ ಎರಡು ಅಂಚು, ಅಂಚಿಗೆ ಮೂವತ್ತು ಕಚ್ಚಿಗೆ ಕಮ್ಮಿಯಿಲ್ಲ. ದಿನಕ್ಕೆ ಸಾವಿರದೈನೂರು ಮುಳ್ಳು ಅಂತ ಇಟ್ಟುಕೊಳ್ಳಿ. ಅರ್ಧ ರಾತ್ರಿ ಊಟಕ್ಕೆ ಮುಂಚೆ, ಅರ್ಧ ಬೆಳಗಿನ ಜಾವ. ಅರ ಆದ ಮೇಲೆ ಎಮರಿ ಪೇಪರ್. ಆಮೇಲೆ ಹಳೇ ವಾಯಿಲ್ ಸೀರೆಯ ತುಂಡನ್ನು ಅಂಚಿನುದ್ದಕ್ಕೂ ಎಳೆಯುತ್ತಾರೆ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಅರ. ಸಿಕ್ಕಿಕೊಳ್ಳದಿದ್ದರೆ ಎಡಗೈ ತಿರುಗಿಸಿ, ಮುಂಗೈಯ ಒಳಗಿನ ಮೆತ್ತನೆ ಚರ್ಮದ ಮೇಲೆ ಕತ್ತಿಯನ್ನು ಒಂದು ಸಲ ಎಳೆದುಕೊಳ್ಳುತ್ತಾರೆ.

"ಗೆರೆ ಬಿದ್ರೆ ಕಳ್ಸಲ್ಲ," ಅನ್ನುತ್ತಾರೆ ಸೊಣ್ಣಮ್ಮ. "ನನ್ ಚರ್ಮಕ್ಕೆ ಆಗ್ದಿದ್ದು ಬೇರೆಯೋರ ಮಕ್ಕಳಿಗೆ ಯಾಕಪ್ಪ ಆಗ್ಬೇಕು?"

ಆ ಕೈಯ ಮೇಲೆ ನಲವತ್ತೊಂಬತ್ತು ವರ್ಷದ ಬಿಳೀ ಗೆರೆಗಳಿವೆ. ಯಾವ ಸಿನಿಮಾದ ಹೆಸರುಪಟ್ಟಿಯಲ್ಲೂ ಅವರ ಹೆಸರಿಲ್ಲ. ನೀರಿನ ಕ್ಯಾನ್ ಕೊಟ್ಟವರ ಹೆಸರಿದೆ, ಹೀರೋನ ಕುದುರೆಯ ಹೆಸರಿದೆ. ಕುದುರೆಗೆ ಬೇಡ ಅಂತಲ್ಲ, ಇರಲಿ. ಆದರೆ ಆ ಕುದುರೆಯ ಕಿವಿ ಉಳಿಸಿದವರು ಯಾರು?

ಕುಲುಮೆ ಇವರ ಗಂಡನ ಮನೆಯದು. ಜೆ.ಪಿ. ನಗರ ಇನ್ನೂ ರಾಗಿ ಹೊಲವಾಗಿದ್ದಾಗ ಗಂಡ ಬೈರಣ್ಣ ಇದೇ ಜಾಗದಲ್ಲಿ ಕುಡುಗೋಲು, ನೇಗಿಲ ಗುಳ ಬಡಿಯುತ್ತಿದ್ದರು. ಹೊಲ ಹೋಗಿ ಸೈಟಾಯಿತು. ಕುಡುಗೋಲು ಯಾರಿಗೆ ಬೇಕು? ಎಪ್ಪತ್ತಾರರಲ್ಲಿ ಸಿನಿಮಾದವನೊಬ್ಬ ಹುಡುಕಿಕೊಂಡು ಬಂದು ಹನ್ನೆರಡು ಕತ್ತಿ ಕೇಳಿದ. ಆಗೆಲ್ಲ ಉಕ್ಕಿನ ಕತ್ತಿಯೇ. ಬೈರಣ್ಣ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ತನಗೆ ಗೊತ್ತಿದ್ದ ಹಾಗೆ ಮಾಡಿಕೊಟ್ಟರು. ಗೊತ್ತಿದ್ದ ಹಾಗೆ ಅಂದರೆ ಹರಿತವಾಗಿ. ಕೂದಲು ಇಟ್ಟರೆ ಎರಡಾಗಬೇಕು, ಹಾಗೆ. ಮೊಂಡು ಕತ್ತಿ ಕೊಟ್ಟರೆ ಕುಲುಮೆಯ ಮಾನ ಹೋಗುತ್ತೆ ಅಂದುಕೊಂಡ ಮನುಷ್ಯ. ಮೊದಲ ದಿನವೇ ವಿಲ್ಸನ್ ಗಾರ್ಡನ್ನಿನ ಯಲ್ಲಯ್ಯ ಎಂಬ ಸೈನಿಕ ವೇಷದವನ ಹೆಬ್ಬೆರಳ ತುದಿ ಹಾರಿಹೋಯಿತು.

"ನಮ್ಮೋರು ಮೂರು ದಿನ ಊಟ ಮಾಡ್ಲಿಲ್ಲ. ಹೊಸ್ದಾಗಿ ಮದ್ವೆ ಆಗಿದ್ದೆ, ಹತ್ತೊಂಬತ್ತು ವರ್ಷ. ಮಿಕ್ಕ ಹನ್ನೊಂದು ಕತ್ತಿ ಎತ್ಕೊಂಡು ಕಲ್ಲಿಗೆ ಉಜ್ಜಾಕ್ ಕೂತೆ. 'ಯಾಕಮ್ಮಿ ನನ್ ಕೆಲ್ಸ ಹಾಳ್ ಮಾಡ್ತೀಯ' ಅಂದ್ರು. 'ನೀವ್ ಮಾಡಿ, ನಾನ್ ಹಾಳ್ ಮಾಡ್ತೀನಿ' ಅಂದೆ. ಅವತ್ತಿಂದ ಹಂಗೇ ನಡೀತು ಸಂಸಾರ."

ಬೈರಣ್ಣ ತೀರಿಕೊಂಡು ಒಂಬತ್ತು ವರ್ಷ. ಯಲ್ಲಯ್ಯ ಕಡೇವರೆಗೂ ಪ್ರತಿ ಆಯುಧಪೂಜೆಗೆ ಇವರ ಮನೆಗೆ ಊಟಕ್ಕೆ ಬರುತ್ತಿದ್ದರಂತೆ. ಮೊಂಡು ಹೆಬ್ಬೆರಳು ಎತ್ತಿ "ಇದು ಬೈರಣ್ಣನ ಸಹಿ" ಅಂತ ಎಲ್ಲರಿಗೂ ತೋರಿಸೋದು, ಹೋಳಿಗೆ ಎರಡು ಜಾಸ್ತಿ ಹಾಕಿಸಿಕೊಳ್ಳೋದು. ಬೆರಳು ಕತ್ತರಿಸಿದ ಆ ಹನ್ನೆರಡನೇ ಕತ್ತಿ ಇನ್ನೂ ಶೆಡ್ಡಿನ ಗೋಡೆ ಮೇಲಿದೆ. ಶೆಡ್ಡಿನಲ್ಲಿ ಹರಿತ ಇರುವುದು ಅದೊಂದೇ. ವರ್ಷಕ್ಕೊಮ್ಮೆ ಇಳಿಸಿ ಬೂದುಗುಂಬಳ ಕಡಿಯುತ್ತಾರೆ, ಮತ್ತೆ ನೇತುಹಾಕುತ್ತಾರೆ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಲೋಟ ಹಿಡಿದು ನಿಂತ ಅಂಕಲ್‌ಗಳನ್ನು ಕೇಳಿ ನೋಡಿ, ಹಳೇ ಕತ್ತಿವರಸೆ ಹೀರೋಗಳಲ್ಲಿ ಯಾರು ದೊಡ್ಡವರು ಅಂತ. ಕಾಫಿ ಆರಿಹೋದರೂ ಜಗಳ ಆರಲ್ಲ. ಒಬ್ಬರಿಗೆ ಮೀಸೆ ಹೀರೋ, ಒಬ್ಬರಿಗೆ ಹಗ್ಗ ಹಿಡಿದು ಜೋತಾಡುವ ಹೀರೋ. ಸೊಣ್ಣಮ್ಮನನ್ನು ಕೇಳಿದರೆ ನಗುತ್ತಾರೆ.

"ಅವ್ರು ಮುಖ ನೋಡವ್ರೆ. ನಾನು ಕತ್ತಿ ನೋಡಿವ್ನಿ. ಹೆದರ್ಕೊಂಡು ಆಡೋನ ಕಚ್ಚೆಲ್ಲ ಹಿಡಿ ಹತ್ರ ಇರ್ತವೆ. ಕೋಪಿಷ್ಠನ್ದು ತುದೀಲಿ. ಕಲ್ತೋನ್ದು ನೋಡು, ತುದಿಯಿಂದ ಒಂದ್ ಗೇಣು ಬಿಟ್ಟು ಎಲ್ಲ ಒಂದೇ ಕಡೆ, ಇರುವೆ ಸಾಲು ಇದ್ದಂಗೆ. ಎಷ್ಟೋ ಹೀರೋಗಳ ಕತ್ತೀಲಿ ಒಂದ್ ಕಚ್ಚೂ ಇರ್ತಿರ್ಲಿಲ್ಲ. ಮುಖದ ಹತ್ರ ಹಿಡ್ಕೊಂಡು ಗುರಾಯಿಸಿ ಕೊಟ್ಬಿಡೋರು. ಒಬ್ಬ ಇದ್ದ, ಹೆಸ್ರು ಹೇಳಲ್ಲ. ಅವನ್ದು ಮಾತ್ರ ಇರುವೆ ಸಾಲು. ಡ್ಯೂಪ್ ಇಲ್ದೆ ಅವನೇ ಆಡೋನು. ಅವ್ನೇ ನನ್ ಹೀರೋ."

ಎಲ್ಲರಿಗಿಂತ ಚೆನ್ನಾಗಿ ಆಡೋರು ಯಾರು?

"ಸೋಲೋನು. ಗೆಲ್ಲೋನ್ಗೇನು, ಬೀಸಿದ್ರಾಯ್ತು. ಸೋಲೋನು ಏಟು ಬೀಳೋ ಜಾಗ್ದಲ್ಲಿ ಮೊದ್ಲೇ ಕತ್ತಿ ಇಟ್ಟಿರ್ಬೇಕು."

ಸೊಣ್ಣಮ್ಮನಿಗೆ ಈ ಶೂಟಿಂಗ್ ಆರು ವರ್ಷದ ಮೇಲೆ ಸಿಕ್ಕ ದೊಡ್ಡ ಕೆಲಸ. ಈಗ ಕತ್ತಿಯನ್ನೂ ರಕ್ತವನ್ನೂ ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಪಿ.ಜಿ. ನಡೆಸುವ ಮಗ ದೀಪಕ್‌ಗೆ ಶೆಡ್ಡಿನ ಜಾಗದಲ್ಲಿ ಎರಡು ಕಾರು ನಿಲ್ಲಿಸುವ ಯೋಚನೆ. ಈ ಶೂಟಿಂಗ್ ಮುಗಿಯುವ ತನಕ ಬಿಡು, ಇದೂ ಕೈಬಿಟ್ಟು ಹೋದರೆ ನಾನೇ ತಗಡು ಬಿಚ್ಚಿಸ್ತೀನಿ ಅಂತ ಸೊಣ್ಣಮ್ಮ ಮಾತು ಕೊಟ್ಟಿದ್ದಾರೆ. ಕೊಟ್ಟ ಮಾತು ತಪ್ಪುವ ಹೆಂಗಸಲ್ಲ.

ಅಂಥದ್ದರಲ್ಲಿ ಮೊನ್ನೆ ಬುಧವಾರದ ಬೆಳಿಗ್ಗೆ. ಶೂಟಿಂಗಿನ ಹನ್ನೊಂದನೇ ದಿನ, ಮೆಟ್ಟಿಲ ಮೇಲಿನ ದೊಡ್ಡ ಕಾಳಗ. ಅರ, ಸೀರೆ, ಮುಂಗೈ ಎಲ್ಲ ಮುಗಿದಿದೆ. ಸೊಣ್ಣಮ್ಮ ಕಡೆಯದಾಗಿ ಕೈಯ ಹಿತ್ತಾಳೆ ಕಡಗದಿಂದ ಒಂದೊಂದೇ ಕತ್ತಿಯನ್ನು ತಟ್ಟಿ ಕಿವಿ ಕೊಡುತ್ತಿದ್ದಾರೆ. ಟಿಣ್. ಟಿಣ್. ಟಿಣ್. ಏಳನೇ ನಂಬರಿನದು ಟಪ್ ಅನ್ನುತ್ತದೆ. ಮತ್ತೆ ತಟ್ಟುತ್ತಾರೆ. ಟಪ್. ಬಲ್ಬಿನ ಹತ್ತಿರ ಹಿಡಿದರೂ ಏನೂ ಕಾಣಲ್ಲ.

"ಒಳ್ಗೆ ಬಿರುಕು ಬಿಟ್ಟದೆ. ಹಿಡಿ ಹತ್ರ," ಅನ್ನುತ್ತಾರೆ. ಏಳನೇ ನಂಬರ್ ಅಂದರೆ ಚಿನ್ನದ ಬಣ್ಣದ ಹಿಡಿ, ಹೀರೋನ ಕತ್ತಿ. ಅಂಥದ್ದು ಇನ್ನೊಂದಿಲ್ಲ.

ಆರೂ ಮುಕ್ಕಾಲಿಗೆ ವ್ಯಾನು ಬರುತ್ತದೆ. ಮುಂದೆ ಮ್ಯಾನೇಜರ್ ನಂದಕುಮಾರ್, ಹಿಂದೆ ಬೈಕಿನಲ್ಲಿ ಹಣಮಪ್ಪ. ಹಣಮಪ್ಪ ಹೀರೋನ ಡ್ಯೂಪ್. ಬಾದಾಮಿ ಕಡೆಯವನು, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಾನೆ. ಹತ್ತು ದಿನದಿಂದ ಈ ಅಂಗಳದಲ್ಲೇ ಅವನ ಅಭ್ಯಾಸ. "ಒಂದ, ಎರಡ, ಮೂರ" ಅಂತ ಎಣಿಸಿಕೊಂಡು ಹನ್ನೊಂದು ಏಟು ಬೀಸುತ್ತಾನೆ. ಸೊಣ್ಣಮ್ಮ ಅರ ಉಜ್ಜುತ್ತಾ ನೋಡುತ್ತಿರುತ್ತಾರೆ.

"ಇಪ್ಪತ್ಮೂರು ತಗೊಂಡ್ ಹೋಗಿ. ಏಳನೇದು ಬರಲ್ಲ," ಅನ್ನುತ್ತಾರೆ.

"ಅಮ್ಮಾ, ತಮಾಷೆ ಮಾಡ್ಬೇಡಿ. ಹೀರೋ ಮೇಕಪ್ ಹಾಕ್ಕೊಂಡು ಕೂತಿದ್ದಾರೆ. ಇನ್ನೂರು ಜನ ಕಾಯ್ತಾ ಇದ್ದಾರೆ," ಅನ್ನುತ್ತಾರೆ ನಂದಕುಮಾರ್.

"ಕಾಯ್ಲಿ. ಅಲಗು ಬದ್ಲಾಯ್ಸಕ್ಕೆ ಮುಕ್ಕಾಲು ಗಂಟೆ ಬೇಕು. ಬಿರುಕಿದೆ."

"ಎಲ್ಲಿದೆ? ತೋರ್ಸಿ."

"ಕಾಣಲ್ಲ. ಕೇಳ್ತದೆ."

ನಂದಕುಮಾರ್ ತಲೆ ಚಚ್ಚಿಕೊಳ್ಳುತ್ತಾರೆ. "ನೋಡಿ ಅಮ್ಮ, ಕೊಟ್ರೆ ಸರಿ. ಇಲ್ಲಾಂದ್ರೆ ಫೈಬರ್ ಕತ್ತಿ ತರಿಸ್ತೀನಿ. ನಾಳೆಯಿಂದ ಈ ಸಂದಿಗೆ ವ್ಯಾನ್ ಬರಲ್ಲ."

ಪಿ.ಜಿ. ಮೆಟ್ಟಿಲ ಮೇಲೆ ನಿಂತ ದೀಪಕ್ ಅಮ್ಮನ ಮುಖ ನೋಡುತ್ತಾನೆ. ಹಣಮಪ್ಪ ಮುಂದೆ ಬರುತ್ತಾನೆ. "ಅವ್ವಾ, ಕೊಟ್ಟಬಿಡ್ರಿ. ನಾ ಸಂಭಾಳಸ್ತೀನಿ. ಇವತ್ತ ತಪ್ಪಿದ್ರ ನನ್ನ ಜಾಗಾಕ್ಕ ಬ್ಯಾರೆಯವನ್ನ ಕರಸ್ತಾರ."

"ಕೈ ನಿಂದು ಕಣೋ, ನೀನ್ ಸಂಭಾಳಿಸ್ತೀಯ. ಎದುರ್ಗಡೆ ನಿಂತೋನ ಕಣ್ಣು ಯಾರ್ದು?"

ಹಣಮಪ್ಪ ತಲೆ ಬಗ್ಗಿಸುತ್ತಾನೆ. ಸೊಣ್ಣಮ್ಮ ಎದ್ದು ಸೆರಗು ಸಿಕ್ಕಿಸುತ್ತಾರೆ. "ನಿನ್ ಹೆಲ್ಮೆಟ್ ಕೊಡು. ಎಲ್ರೂ ವ್ಯಾನ್ ಹಿಂದಕ್ ಹೋಗಿ. ದೀಪೂ, ನೀನೂ."

ಸಾರಕ್ಕಿಯ ಸಂದಿಯಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಅರವತ್ತೆಂಟು ವರ್ಷದ ಹೆಂಗಸು ಬೈಕ್ ಹೆಲ್ಮೆಟ್ ಹಾಕಿಕೊಂಡು ಚಿನ್ನದ ಹಿಡಿಯ ಕತ್ತಿ ಎತ್ತುತ್ತಾರೆ. ಎದುರಿಗೆ ಬೈರಣ್ಣ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು. "ಒಂದ," ಅನ್ನುತ್ತಾರೆ, ಹಣಮಪ್ಪನ ಥರವೇ. ಠಣ್. "ಎರಡ." ಎಡಕ್ಕೆ ತಿರುಗಿ, ಕೆಳಗಿಂದ ಮೇಲಕ್ಕೆ. "ಮೂರ." ಕಾಲು ಹಿಂದಿಟ್ಟು, ತಲೆ ಮೇಲಿಂದ. ಹತ್ತು ದಿನ ನೋಡಿ ನೋಡಿ ಕಲಿತದ್ದು, ಒಂದು ಹೆಜ್ಜೆ ತಪ್ಪಿಲ್ಲ. ಪಿ.ಜಿ. ಹುಡುಗರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಾಲ್ಕನಿಗೆ ಬಂದು "ಆಂಟಿ, ಸಖತ್!" ಅಂತ ಕೂಗುತ್ತಾರೆ. "ಒಳಗ್ ಹೋಗ್ರೋ!" ಅಂತ ಹೆಲ್ಮೆಟ್ಟಿನೊಳಗಿಂದ ಬೈಗುಳ.

ಎಂಟು ಏಟಾದರೂ ಕತ್ತಿಗೆ ಏನೂ ಆಗಿಲ್ಲ. "ಆಯ್ತಲ್ಲಮ್ಮ? ಕೊಡಿ ಇನ್ನ," ಅಂತ ನಂದಕುಮಾರ್ ವ್ಯಾನಿನ ಹಿಂದಿನಿಂದ ಕತ್ತು ಚಾಚುತ್ತಾರೆ. ಹಣಮಪ್ಪ ಅವರ ಕಾಲರ್ ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

"ಒಂಬತ್ತ."

ಸೊಣ್ಣಮ್ಮನ ಕೈಯಲ್ಲಿ ಚಿನ್ನದ ಹಿಡಿ ಮಾತ್ರ ಉಳಿದಿದೆ. ಅಲಗು ಗಾಳಿಯಲ್ಲಿ ಗಿರಕಿ ಹೊಡೆದು, ವ್ಯಾನಿನ ನೆತ್ತಿ ದಾಟಿ, ಪಕ್ಕದ ಮನೆ ಅಕ್ಕಯಮ್ಮನ ನೀಲಿ ಡ್ರಮ್ಮಿಗೆ ಹೋಗಿ ನೆಟ್ಟುಕೊಳ್ಳುತ್ತದೆ. ಡ್ರಮ್ಮಿನಿಂದ ಕಾವೇರಿ ನೀರು ಸೊರ್ರನೆ ಹರಿಯುತ್ತದೆ. ಅಕ್ಕಯಮ್ಮ ಬಾಗಿಲಿಗೆ ಬಂದು ಬಾಯಿ ತೆಗೆಯುತ್ತಾರೆ: "ಸೊಣ್ಣಮ್ಮಾ, ನಿಂಗೇನ್ ಬಂದಿರೋದು? ನೀರ್ ಬರೋದೇ ದಿನ ಬಿಟ್ಟು ದಿನ!"

"ಹೊಸಾದು ಕೊಡುಸ್ತೀನಿ ಕಣಕ್ಕ, ಬಿಂದಿಗೆ ಇಡು ಮೊದ್ಲು," ಅನ್ನುತ್ತಾ ಸೊಣ್ಣಮ್ಮ ಹೆಲ್ಮೆಟ್ ತೆಗೆದು ನಂದಕುಮಾರ್ ಕಡೆ ತಿರುಗುತ್ತಾರೆ. "ಒಂಬತ್ತನೇ ಏಟಲ್ಲಿ ಅವ್ನ ಎದ್ರು ಯಾರ್ ನಿಂತಿರ್ತಾರೆ?"

ನಂದಕುಮಾರ್ ಫೋನ್ ತೆಗೆದು "ಮುಕ್ಕಾಲು ಗಂಟೆ ಲೇಟು ಸಾರ್" ಅಂತಷ್ಟೇ ಹೇಳುತ್ತಾರೆ.

ಆ ಮುಕ್ಕಾಲು ಗಂಟೆಯಲ್ಲಿ ಸೊಣ್ಣಮ್ಮ ಚಿನ್ನದ ಹಿಡಿಯ ಎರಡು ರಿವಿಟ್ ಕೊರೆದು, ಒಳಗೆ ಉಳಿದ ಚೂರು ಕಿತ್ತು, ಶೆಡ್ಡಿನಲ್ಲಿದ್ದ ಹೊಸ ಅಲಗು ಕೂರಿಸಿ, ಬಡಿದು, ಸೀರೆ ಎಳೆದು, ಮುಂಗೈ ಎಳೆದು, ಕಡಗ ತಟ್ಟುತ್ತಾರೆ. ಟಿಣ್. "ಈಗ ತಗೊಂಡ್ ಹೋಗು," ಅಂತ ಹಣಮಪ್ಪನ ಕೈಗೆ ಕೊಡುತ್ತಾರೆ. ಅವನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ.

ವ್ಯಾನು ಮತ್ತೆ ಬರುತ್ತಾ ಇಲ್ಲವಾ ಅಂತ ಅವತ್ತು ಇಡೀ ದಿನ ಅನುಮಾನ. ಸಾಯಂಕಾಲ ಏಳಕ್ಕೆ ಬರುತ್ತದೆ. ನಂದಕುಮಾರ್‌ರಿಂದ ಸಾರಿ ಇಲ್ಲ, ಥ್ಯಾಂಕ್ಸ್ ಇಲ್ಲ. ಕತ್ತಿಗಳಿವೆ, ಇಪ್ಪತ್ನಾಲ್ಕು. ಅಕ್ಕಯಮ್ಮನ ಮನೆಗೆ ಹೊಸ ಡ್ರಮ್ ಹೊತ್ತು ತಂದ ದೀಪಕ್ ಶೆಡ್ಡಿನ ಬಾಗಿಲಲ್ಲಿ ಒಂದು ನಿಮಿಷ ನಿಂತು, "ಕಾರು ರೋಡಲ್ಲೇ ಇರ್ಲಿ ಬಿಡಮ್ಮ" ಅಂದು ಹೋಗುತ್ತಾನೆ.

ಗುರುವಾರ ಬೆಳಗಿನ ಜಾವ. ಏಳನೇ ನಂಬರ್ ತೊಡೆಯ ಮೇಲಿದೆ. ಸೊಣ್ಣಮ್ಮ ಅರ ಎತ್ತುವ ಮುಂಚೆ ಬಲ್ಬಿಗೆ ಹಿಡಿದು ನೋಡುತ್ತಾರೆ. ತುದಿಯಿಂದ ಒಂದು ಗೇಣು ಬಿಟ್ಟು, ಎಲ್ಲ ಕಚ್ಚೂ ಒಂದೇ ಕಡೆ. ಇರುವೆ ಸಾಲು.

"ಕಲ್ತ್‌ಬಿಟ್ಟ ಹುಡ್ಗ," ಅನ್ನುತ್ತಾರೆ.

ಇಷ್ಟೆಲ್ಲ ಮಾಡಿಯೂ ಪರದೆಯ ಮೇಲೆ ಹೆಸರಿಲ್ಲವಲ್ಲ, ಸಿಟ್ಟು ಬರಲ್ಲವಾ? ಸೊಣ್ಣಮ್ಮ ಅರ ನಿಲ್ಲಿಸಲ್ಲ.

"ನಮ್ ಕೆಲ್ಸದಲ್ಲಿ ಹೆಸ್ರು ಈಚೆಗ್ ಬಂತು ಅಂದ್ರೆ ಯಾರ್ಗೋ ರಕ್ತ ಬಂದದೆ ಅಂತ್ಲೇ ಕಣಪ್ಪ. ನಲವತ್ತೊಂಬತ್ತು ವರ್ಷ ಬಂದಿಲ್ಲ. ನೀನು ಪೇಪರ್‌ಗೆ ಹಾಕ್ತೀನಿ ಅಂತೀಯ, ಹಾಕು. ಆದ್ರೆ ಮೊದಲ್ನೇ ಸಾಲಲ್ಲೇ ಯಾರ್ಗೂ ಏಟಾಗಿಲ್ಲ ಅಂತ ಬರಿ. ಇಲ್ದಿದ್ರೆ ನನ್ ಹೆಸ್ರು ನೋಡಿ ಯಲ್ಲಯ್ಯನ ಮನೆಯೋರು ಗಾಬ್ರಿ ಬೀಳ್ತಾರೆ."