ಮಂಜುಳಕ್ಕನ ಬಿ ಸೆಲ್‌ಗಳು ಮತ್ತೆ ಹೊಲಿಗೆ ಕಲಿತದ್ದು

ಇದನ್ನು ಅರ್ಧಕ್ಕೆ ಬಿಟ್ಟು ಹೋಗಬೇಡಿ, ಸ್ವಲ್ಪ ತಾಳಿ. ಮೊದಲು ಬರೀ ರಕ್ತಪರೀಕ್ಷೆಯ ಮಾತೇ ಇದೆ. ಆಮೇಲೆ ನನ್ನ ಶರ್ಟಿನ ಕಾಲರ್ ಬರುತ್ತದೆ. ನಾನು ಹೇಳಬೇಕೆಂದಿರುವುದು ಅಲ್ಲಿದೆ.

ಕಳೆದ ವರ್ಷದ ಮಾತು. ಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಎಚ್‌ಐವಿ ಕೌನ್ಸೆಲರ್. ಡಾಕ್ಟರು ಬರೆದ ಮಾತ್ರೆಯನ್ನು ಯಾಕೆ ತಪ್ಪಿಸಬಾರದು ಎಂದು ಬಂದವರ ಪಕ್ಕ ಕೂತು ತಿಳಿಸುವುದು ನನ್ನ ಕೆಲಸ. ಓದಿದ್ದು ಸಮಾಜಕಾರ್ಯ. ರೋಗನಿರೋಧಕ ಶಕ್ತಿಯ ವಿಜ್ಞಾನವನ್ನೆಲ್ಲ ಬನಶಂಕರಿಯಿಂದ ಬರುವ ಬಸ್ಸಿನಲ್ಲಿ ಮೊಬೈಲ್ ನೋಡಿಕೊಂಡು ಕಲಿತೆ. ಅರ್ಥವಾಗದ್ದನ್ನು ನಮ್ಮ ಡಾಕ್ಟರ್ ಮೇಡಂ ಹತ್ತಿರ ಕೇಳಿ ತಲೆ ತಿನ್ನುತ್ತಿದ್ದೆ. “ನೀನು ಕೌನ್ಸೆಲರ್ರೋ, ವೈವಾ ತಗೊಳೋಕೆ ಬಂದಿರೋ ಎಕ್ಸಾಮಿನರ್ರೋ?” ಎಂದು ಅವರು ನಗುತ್ತಿದ್ದರು.

ಮಂಜುಳಕ್ಕ (ಹೆಸರು ಬದಲಿಸಿದ್ದೇನೆ) ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವರು. ಮೊದಲ ಗಂಡ ತೀರಿಕೊಂಡ ಮೇಲೆ ತನಗೂ ಎಚ್‌ಐವಿ ಇದೆಯೆಂದು ಅವರಿಗೆ ಗೊತ್ತಾಗಿತ್ತು. ಚಿಕಿತ್ಸೆ ಶುರುವಾಗಿದ್ದು ತಡವಾಗಿ. ಆದರೂ ಮಾತ್ರೆಯನ್ನು ಒಂದು ದಿನವೂ ಬಿಡದೆ, ರಕ್ತದಲ್ಲಿ ವೈರಸ್ ಪತ್ತೆಯೇ ಆಗದ ಮಟ್ಟಕ್ಕೆ ತಂದುಕೊಂಡಿದ್ದರು. ಆಟೋ ಓಡಿಸುವ ನಾಗೇಶಣ್ಣ ಇದೆಲ್ಲ ತಿಳಿದೇ ಅವರನ್ನು ಮದುವೆಯಾಗಿದ್ದರು.

ತೊಂದರೆ ಈ ಸಲ ನಾಗೇಶಣ್ಣನ ಕಡೆಯಿಂದ ಬಂತು. ತಪಾಸಣೆಯಲ್ಲಿ ಅವರಿಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಅದು ಲಿವರ್‌ಗೆ ಅಂಟುವ ವೈರಸ್. ರಕ್ತದಿಂದ, ದೇಹ ಸಂಪರ್ಕದಿಂದ ಗಂಡ ಹೆಂಡತಿ ನಡುವೆ ಹರಡಬಲ್ಲದು. ಮಂಜುಳಕ್ಕನಿಗೆ ಇನ್ನೂ ತಗುಲಿರಲಿಲ್ಲವಾದ್ದರಿಂದ ಮೂರು ಡೋಸ್ ಲಸಿಕೆ ಕೊಡಿಸಿದೆವು. ಆಮೇಲೆ ಆಂಟಿಬಾಡಿ, ಅಂದರೆ ಆ ವೈರಸ್ಸನ್ನು ಹಿಡಿಯುವ ಪ್ರೋಟೀನು, ಎಷ್ಟಿದೆ ಎಂದು ನೋಡಿದೆವು. ಕನಿಷ್ಠ ಹತ್ತು ಯೂನಿಟ್ ಇರಬೇಕಿತ್ತು. ಇಲ್ಲವೆಂಬಷ್ಟು ಕಡಿಮೆ ಇತ್ತು.

ವಿಚಿತ್ರವೆಂದರೆ, ಜೊತೆಗೇ ಬಂದ ಇನ್ನೊಂದು ವರದಿಯಲ್ಲಿ ಗ್ಲಾಬ್ಯುಲಿನ್ ಜಾಸ್ತಿ ಎಂದಿತ್ತು. ಆಂಟಿಬಾಡಿಗಳೆಲ್ಲ ಸೇರುವುದು ಆ ಗುಂಪಿಗೇ. ನಾಗೇಶಣ್ಣ ಅದನ್ನು ಹಿಡಿದುಕೊಂಡೇ ಒಳಗೆ ಬಂದರು.

“ನೋಡಿ ಸಾರ್, ಹೈ ಅಂತ ಪ್ರಿಂಟಾಗಿದೆ. ಇವಳ ಮೈಯಲ್ಲಿ ಇಮ್ಯುನಿಟಿ ತುಂಬಿ ತುಳುಕ್ತಾ ಇದೆ. ನಿಮ್ಮ ಇನ್ನೊಂದು ಟೆಸ್ಟೇ ತಪ್ಪು.”

“ನೀನ್ ಸುಮ್ನಿರು. ಆಟೋ ಮೀಟರ್ ನೋಡ್ದಂಗೆ ರಿಪೋರ್ಟ್ ನೋಡ್ತೀಯ,” ಎಂದು ಗಂಡನ ಬಾಯಿ ಮುಚ್ಚಿಸಿದ ಮಂಜುಳಕ್ಕ ನನ್ನ ಕಡೆ ತಿರುಗಿದರು. “ಮೂರು ಸೂಜಿ ಚುಚ್ಚಿಸ್ಕೊಂಡೆ, ಮೈ ಹಿಡೀಲಿಲ್ಲ. ಹಂಗಾದ್ರೆ ದಿನಾ ನುಂಗೋ ಮಾತ್ರೇನೂ ದಂಡ ಅಲ್ವಾ ತಮ್ಮ? ನಂಗೆ ಸಾಕಾಗಿದೆ. ಎರಡನ್ನೂ ಬಿಟ್ಬಿಡ್ತೀನಿ.”

ಮಾತ್ರೆ ಬಿಟ್ಟರೆ ಎಚ್‌ಐವಿ ಮತ್ತೆ ತಲೆ ಎತ್ತುತ್ತದೆ. ಅಷ್ಟೇ ಅಲ್ಲ, ಅವರು ನುಂಗುತ್ತಿದ್ದ ಮಾತ್ರೆಯಲ್ಲಿ ಹೆಪಟೈಟಿಸ್ ಬಿಯನ್ನೂ ತಡೆಯುವ ಔಷಧಿ ಇತ್ತು. ಲಸಿಕೆ ಹಿಡಿಯುವ ತನಕ ಅವರಿಗಿದ್ದ ಕಾವಲು ಅದೊಂದೇ. ಡಬಲ್ ಡೋಸಿನಲ್ಲಿ ಇನ್ನೊಂದು ಕೋರ್ಸ್ ಕೊಡೋಣ ಎಂದು ಮೇಡಂ ಹೇಳಿದ್ದಕ್ಕೂ ಅಕ್ಕ ಬೇಡವೆಂದು ಕೈ ಮುಗಿದು ಬಂದಿದ್ದರು.

ನಾನು ಉತ್ಸಾಹದಿಂದ ಶುರು ಮಾಡಿದೆ. ಬಿ ಸೆಲ್ ಎಂದರೆ ಬಿಳಿ ರಕ್ತಕಣ, ಆಂಟಿಬಾಡಿ ತಯಾರಿಸುವುದು ಅದೇ, ಎಂದೆಲ್ಲ. ಅಕ್ಕನ ಕಣ್ಣು ಮಾತ್ರ ನನ್ನ ಕುತ್ತಿಗೆಯ ಹತ್ತಿರವೇ ಇತ್ತು.

“ತಮ್ಮ, ನಿನ್ ಕಾಲರ್ ತುದಿ ಒಂದು ಉದ್ದ, ಒಂದು ಗಿಡ್ಡ. ಇದನ್ನ ಯಾವ ಪುಣ್ಯಾತ್ಮ ಪಾಸ್ ಮಾಡ್ದ?”

ನಾಗೇಶಣ್ಣ ಕಿಸಕ್ಕನೆ ನಕ್ಕರು. ನನಗೆ ಅವಮಾನಕ್ಕಿಂತ ಬೇರೇನೋ ಹೊಳೆಯಿತು. “ಅಕ್ಕ, ನಿಮ್ಮ ಲೈನ್‌ನಲ್ಲಿ ಸೂಪರ್‌ವೈಸರ್ ರಜಾ ಹಾಕಿದ್ರೆ ಏನಾಗತ್ತೆ?”

“ಏನಾಗತ್ತೆ? ಟಾರ್ಗೆಟ್ ಇರತ್ತಲ್ಲ, ಮಿಷನ್ ಓಡ್ತಾನೇ ಇರತ್ತೆ. ಪೀಸ್ ಗುಡ್ಡೆ ಬೀಳತ್ತೆ. ಅಳತೆ ನೋಡೋರು ಯಾರು? ಎಲ್ಲಾ ರಿಜೆಕ್ಟು.”

“ಅಕ್ಕ, ನಿಮ್ಮ ಗ್ಲಾಬ್ಯುಲಿನ್ ಜಾಸ್ತಿ ಇರೋದು ಅಂದ್ರೆ ಅದೇ ಗುಡ್ಡೆ!”

ಆಮೇಲೆ ಮಾತು ತಾನಾಗಿ ಬಂತು. ಬಿ ಸೆಲ್ ಟೈಲರ್. ಸಿಡಿ4 ಎಂಬ ಟಿ ಸೆಲ್ ಸೂಪರ್‌ವೈಸರ್. ಎಚ್‌ಐವಿ ಕೊಲ್ಲುವುದು ಈ ಸೂಪರ್‌ವೈಸರನ್ನು. ಮೈಯೊಳಗೆ ವೈರಸ್ ಎಬ್ಬಿಸುವ ಗದ್ದಲಕ್ಕೆ ಟೈಲರ್‌ಗಳು ಗಾಬರಿಬಿದ್ದು, ಆರ್ಡರ್ ಇಲ್ಲದೆ ಹೊಲಿಯುತ್ತ ಹೋಗುತ್ತಾರೆ. ಮಾಲು ರಾಶಿ ಬೀಳುತ್ತದೆ, ಬೇಕಾದ ಅಳತೆಯದ್ದು ಇರುವುದಿಲ್ಲ. ಲಸಿಕೆ ತಂದ ಸ್ಯಾಂಪಲ್ ಪೀಸನ್ನು ನೆನಪಿಟ್ಟುಕೊಳ್ಳಬೇಕಾದ ಮೆಮೊರಿ ಬಿ ಸೆಲ್‌ಗಳೂ ಕಡಿಮೆಯಾಗುತ್ತವೆ. ಮಾತ್ರೆ ವೈರಸ್ಸನ್ನು ಅಡಗಿಸಿದರೂ, ಚಿಕಿತ್ಸೆ ತಡವಾದವರಲ್ಲಿ ಈ ಏಟು ಪೂರ್ತಿ ವಾಸಿಯಾಗದೆ ಉಳಿಯಬಹುದು.

ಮಂಜುಳಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಂದ್ರೆ ಟೈಲರ್‌ಗಳು ಇದಾರೆ. ಕೈ ತಪ್ಪಿದೆ, ಅಷ್ಟೇನಾ?”

“ಅಷ್ಟೇ ಅಕ್ಕ. ಇರೋ ಸೂಪರ್‌ವೈಸರ್‌ನ ಕಾಯ್ತಿರೋದು ನಿಮ್ಮ ಮಾತ್ರೆ.”

“ಮೊದ್ಲೇ ಹಂಗನ್ನಬಾರ್ದಾ? ಹೊಸಬರಿಗೆ ನಾವೂ ಒಂದ್ಸಲ ತೋರ್ಸಿ ಬಿಡಲ್ಲ. ಬರೋ ತನಕ ತೋರಿಸ್ತೀವಿ. ಕೊಡು ನಿನ್ ಡಬಲ್ ಡೋಸು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೇಡಂ ಒಳಗೆ ಬಂದರು. “ಗ್ಯಾರಂಟಿ ಕೊಡೋಕಾಗಲ್ಲಮ್ಮ. ಕೆಲವರಿಗೆ ಆಮೇಲೂ ಹಿಡಿಯಲ್ಲ.”

“ಗಾರ್ಮೆಂಟ್ಸ್‌ನಲ್ಲಿ ಯಾರು ಗ್ಯಾರಂಟಿ ಕೊಟ್ಟಿದಾರೆ ಮೇಡಂ? ಆದ್ರೂ ಮಿಷನ್ ಮುಂದೆ ಕೂತ್ಕೊತೀನಲ್ಲ.”

ಕೋರ್ಸ್ ಮುಗಿಯಲು ತಿಂಗಳುಗಳೇ ಬೇಕಾದವು. ಮಾತ್ರೆಯೂ ತಪ್ಪಲಿಲ್ಲ, ಸೂಜಿಯೂ ತಪ್ಪಲಿಲ್ಲ. ಕೊನೆಯ ಪರೀಕ್ಷೆಯ ಫಲಿತಾಂಶ ಬಂದಾಗ ನಾನೇ ಓಡಿ ಹೊರಗೆ ಹೋದೆ. ಆಂಟಿಬಾಡಿ ಬೇಕಾದ ಮಟ್ಟ ದಾಟಿತ್ತು.

“ಗುರು, ಈ ಸಲಾನೂ ಹೈ ಅಂತಾನಾ?” ಎಂದು ನಾಗೇಶಣ್ಣ ಹೆದರಿಕೊಂಡೇ ಕೇಳಿದರು.

“ಹೌದಣ್ಣ. ಆದ್ರೆ ಈ ಸಲ ಅಳತೆ ಸರಿ ಇದೆ.”

ಮಂಜುಳಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು, ಹೊಲಿಗೆ ಪರೀಕ್ಷಿಸುವ ಹಾಗೆ ಮೇಲಿಂದ ಕೆಳಗೆ ನೋಡಿದರು. “ಪಾಸ್,” ಎಂದರು. ಕಣ್ಣೊರೆಸಿಕೊಂಡು, “ಈಗ ಆ ದರಿದ್ರ ಶರ್ಟ್ ತಂದ್ಕೊಡು, ಅದನ್ನೂ ಪಾಸ್ ಮಾಡ್ತೀನಿ,” ಎಂದರು.

ಇದನ್ನು ಬರೆಯುವಾಗ ಅದೇ ಶರ್ಟ್ ಹಾಕಿಕೊಂಡಿದ್ದೇನೆ. ಕಾಲರಿನ ಎರಡೂ ತುದಿ ಸಮವಾಗಿವೆ. ಮೇಡಂ ಈಗ ತಾವೇ “ಟೈಲರ್, ಸೂಪರ್‌ವೈಸರ್” ಎಂದು ಬೇರೆಯವರಿಗೆ ವಿವರಿಸುವುದನ್ನು ಕೇಳಿದಾಗ ನನಗೆ ಹೆಮ್ಮೆಯಿಂದ ಎದೆಯುಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ಕಲಿತ ವಿಜ್ಞಾನ ಸುಳ್ಳಾಗಿರಲಿಲ್ಲ. ಆದರೆ ಎದುರಿಗಿರುವವರ ಕೈ ಏನು ಕೆಲಸ ಮಾಡುತ್ತದೆ ಎಂದು ಕೇಳಿದ ಮೇಲೆಯೇ ಅದು ಅವರ ಕಿವಿಗೆ ಬಿತ್ತು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ನಿಮ್ಮ ಮೈಯೊಳಗೆ ಏನಾಗುತ್ತಿದೆ ಎಂಬುದು ಯಾರ ಯಾವ ಮಾತಿನಿಂದ ನಿಮಗೆ ತಟ್ಟನೆ ಅರ್ಥವಾಯಿತು? ಅಥವಾ ನೀವೇ ಯಾರಿಗಾದರೂ ಹಾಗೆ ತಿಳಿಸಿದ್ದೀರಾ? ದಯವಿಟ್ಟು ಬರೆದು ಕಳಿಸಿ. ನಾಳೆ ನನ್ನೆದುರು ಬಂದು ಕೂರುವವರು ಹೂ ಕಟ್ಟುವವರೋ ಗಾರೆ ಕೆಲಸದವರೋ ಆಗಿರಬಹುದು, ಅವರಿಗೆ ನಿಮ್ಮ ಮಾತೇ ಬೇಕಾದೀತು.